ನೆಲಕ್ಕೂ ಪಾದಕ್ಕೂ ನಡುವೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆವ ಹೇಳುವವರನ್ನು ಹಾಸ್ಯ ಮಾಡುವುದಕ್ಕೆಂದು ನಮ್ಮ ಹಿರಿಯರು ಈ ಗಾದೆಯನ್ನು ಕಟ್ಟಿದರು. ಆದರೆ ಕುಣಿಯುವವರ ಕಾಲಿಗೂ ನೆಲಕ್ಕೂ ನಡುವೆ ಮೂರನೆಯದೊಂದು ವಸ್ತು ಬಂದು ಸೇರಿದರೆ ತಪ್ಪನ್ನು ಯಾರ ಮೇಲೆ ಹೊರಿಸಬೇಕು? ನಮ್ಮ ನೃತ್ಯಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಭರತನಾಟ್ಯದ ವಿದ್ಯಾರ್ಥಿನಿ ಮೆಟ್ಟನ್ನು ಬಾಗಿಲಲ್ಲಿ ಬಿಟ್ಟು, ಭೂಮಿಗೆ ನಮಸ್ಕರಿಸಿ, ಬರಿಗಾಲಿನಲ್ಲಿ ಅಡವುಗಳನ್ನು ಆರಂಭಿಸುತ್ತಾಳೆ. ಪಶ್ಚಿಮದ ಬಾಲ್‌ರೂಮ್ ನೃತ್ಯದ ಕ್ರಮ ಬೇರೆ. ಅಲ್ಲಿಯೂ ಬೀದಿಯ ಬೂಟನ್ನು ಬಾಗಿಲಲ್ಲಿ ಕಳಚುವುದುಂಟು. ಆದರೆ ಕೂಡಲೇ ಚೀಲದಿಂದ ಇನ್ನೊಂದು ಜೊತೆಯನ್ನು ತೆಗೆದು ಮೆಟ್ಟಿಕೊಂಡು ಒಳಗೆ ಹೋಗುತ್ತಾರೆ. ಆ ಇನ್ನೊಂದು ಜೊತೆ ಯಾವುದಿರಬೇಕು? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಉತ್ತರದಲ್ಲಿ ಮಾತ್ರ ಕಲಿಯುವವನ ಮೊಣಕಾಲೂ ಅವನ ಕಲೆಯೂ ಅಡಗಿವೆ.

ಗ್ರಿಮ್ ಸಹೋದರರು 1815ರಲ್ಲಿ ಪ್ರಕಟಿಸಿದ ಜರ್ಮನ್ ಕಥೆಗಳ ಎರಡನೆಯ ಸಂಪುಟದಲ್ಲಿ ಹನ್ನೆರಡು ಮಂದಿ ರಾಜಕುಮಾರಿಯರ ಕಥೆಯೊಂದಿದೆ. ರಾತ್ರಿ ಅವರ ಕೋಣೆಗೆ ಬೀಗ. ಬೆಳಗಾದರೆ ಅವರೆಲ್ಲರ ಮೆಟ್ಟುಗಳೂ ಕುಣಿದು ಕುಣಿದು ಹರಿದುಹೋಗಿರುತ್ತವೆ. ರಾಜಕುಮಾರಿಯರು ಬಾಯಿ ಬಿಡುವುದಿಲ್ಲ. ಆದರೆ ಸವೆದ ಅಟ್ಟೆ ರಾತ್ರಿಯ ಗುಟ್ಟನ್ನು ಅರ್ಧ ಹೇಳಿಬಿಟ್ಟಿರುತ್ತದೆ. ಆ ಕಾಲದ ಯೂರೋಪಿನ ನೃತ್ಯಗೃಹಗಳಲ್ಲಿ ಹೆಂಗಸರು ತೊಡುತ್ತಿದ್ದುದು ತೆಳ್ಳನೆಯ ಅಟ್ಟೆಯ ಮೃದುವಾದ ರೇಷ್ಮೆಯ ಮೆಟ್ಟು. ಅದು ಬೇಗ ಹರಿಯುತ್ತಿದ್ದುದು ಕಥೆಗಾರನ ಕಲ್ಪನೆ ಮಾತ್ರವಲ್ಲ.

ಇಂದು ಜಗತ್ತಿನ ಅನೇಕ ಕಡೆ ಕಲಿಸುವ ಬಾಲ್‌ರೂಮ್ ನೃತ್ಯಕ್ಕೆ ಶಾಸ್ತ್ರದ ಕಟ್ಟು ದೊರೆತದ್ದು ಇಂಗ್ಲೆಂಡಿನಲ್ಲಿ. 1904ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ನೃತ್ಯ ಶಿಕ್ಷಕರ ಇಂಪೀರಿಯಲ್ ಸೊಸೈಟಿಯು 1924ರಲ್ಲಿ ಬಾಲ್‌ರೂಮ್ ಶಾಖೆಯೊಂದನ್ನು ತೆರೆದು, ವಾಲ್ಟ್ಸ್, ಫಾಕ್ಸ್‌ಟ್ರಾಟ್, ಟ್ಯಾಂಗೋ ಮೊದಲಾದ ನೃತ್ಯಗಳ ಹೆಜ್ಜೆಗಳನ್ನು ಒಂದು ಪಾಠಕ್ರಮಕ್ಕೆ ತಂದಿತು. ಇಂಗ್ಲಿಷ್ ಶೈಲಿ ಎಂದು ಹೆಸರಾದ ಈ ಪದ್ಧತಿಯು, ಬ್ಯಾಲೆಯಲ್ಲಿರುವಂತೆ ಪಾದಗಳನ್ನು ಹೊರಮುಖವಾಗಿ ತಿರುಗಿಸುವುದನ್ನು ಬಿಟ್ಟು, ಮನುಷ್ಯನ ಸಹಜವಾದ ನಡಿಗೆಯನ್ನೇ ತಳಹದಿಯಾಗಿ ಹಿಡಿಯಿತು. ವಾಲ್ಟ್ಸ್, ಫಾಕ್ಸ್‌ಟ್ರಾಟುಗಳಲ್ಲಿ ಮುಂದೆ ನಡೆಯುವಾಗ ಸಾಮಾನ್ಯವಾಗಿ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಹಿಂದೆ ಸರಿಯುವಾಗ ಬೆರಳು ಮೊದಲು. ಫಾಕ್ಸ್‌ಟ್ರಾಟಿನಲ್ಲಿ ಹೆಂಗಸು ತನ್ನ ಒಂದು ಹಿಮ್ಮಡಿಯ ಮೇಲೆಯೇ ತಿರುಗಬೇಕಾದ ಸಂದರ್ಭಗಳೂ ಉಂಟು. ಬರಿಗಾಲಿನಲ್ಲಿ ಇದನ್ನು ಮಾಡಹೋದರೆ ಚರ್ಮ ನೆಲಕ್ಕೆ ಕಚ್ಚುತ್ತದೆ, ಹೆಜ್ಜೆ ತೇಲಲಾರದು. ಆದುದರಿಂದ ಅಲ್ಲಿ ಮೆಟ್ಟು ಬರಿಯ ಅಲಂಕಾರವಲ್ಲ. ಅದು ನರ್ತಕನ ವಾದ್ಯ.

ಈ ವಾದ್ಯದ ಶ್ರುತಿಯಿರುವುದು ಅಟ್ಟೆಯಲ್ಲಿ. ಅಟ್ಟೆ ಜಾರಬೇಕು, ಬೇಕಾದ ಕ್ಷಣದಲ್ಲಿ ಹಿಡಿಯಲೂ ಬೇಕು. ಎರಡು ವಿರುದ್ಧ ಗುಣಗಳನ್ನು ಒಂದೇ ವಸ್ತುವಿನಿಂದ ಬೇಡುವ ಈ ಕೋರಿಕೆಯನ್ನು ಬಹುಮಟ್ಟಿಗೆ ಸಲ್ಲಿಸುವುದು ಸ್ವೇಡ್ ಎಂಬ ಚರ್ಮ. ಅದರ ಮೈಯಲ್ಲಿ ಮೃದುವಾದ ಸಣ್ಣ ಎಳೆಗಳೆದ್ದಿರುತ್ತವೆ. ಮರದ ನೆಲದ ಮೇಲೆ ಅವು ಹೆಜ್ಜೆಯನ್ನು ಜಾರಗೊಡುತ್ತವೆ. ಭಾರ ಬಿದ್ದಾಗ ತಡೆಯುತ್ತವೆ. ಕುಣಿಯುತ್ತ ಕುಣಿಯುತ್ತ ನೆಲದ ಮೇಣವೂ ಧೂಳೂ ಸೇರಿ ಈ ಎಳೆಗಳು ಚಪ್ಪಟೆಯಾಗಿ ಹೊಳಪೇರುತ್ತವೆ. ಆಗ ತಂತಿಯ ಬ್ರಷ್ಷಿನಿಂದ ಉಜ್ಜಿ ಅವುಗಳನ್ನು ಮತ್ತೆ ಎಬ್ಬಿಸಬೇಕು. ನೆಲ ವಿಪರೀತ ನುಣುಪಾಗಿದ್ದರೆ ಅಟ್ಟೆಗೆ ಒಂದೆರಡು ತೊಟ್ಟು ಹರಳೆಣ್ಣೆ ಸವರಿಕೊಳ್ಳುವವರೂ ಇದ್ದಾರೆ. ನಮ್ಮ ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಅಲ್ಲಿ ಪಾದದ ಕೆಳಗೆ ಕೆಲಸ ಮಾಡುತ್ತದೆ! ಈ ಅಟ್ಟೆಗೆ ನೀರು ಆಗದು, ಬೀದಿಯ ಕಲ್ಲು ಆಗದು. ಅದಕ್ಕಾಗಿಯೇ ಆ ಜೊತೆ ಚೀಲದಲ್ಲಿ ಬಂದು ಚೀಲದಲ್ಲಿಯೇ ಮರಳುತ್ತದೆ.

ಹೊಸದಾಗಿ ಕಲಿಯಬಂದ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ಆತ ಮೆತ್ತನೆಯ ರಬ್ಬರ್ ಅಟ್ಟೆಯ ಆಟದ ಬೂಟನ್ನು ಹಾಕಿಕೊಂಡು ಬಂದಿದ್ದಾನೆ. ಕಾಲಿಗೆ ಹಿತವಾಗಿದೆ, ಹಣವೂ ಉಳಿದಿದೆ. ನೇರವಾಗಿ ನಡೆಯುವಷ್ಟು ಕಾಲ ತೊಂದರೆಯಿಲ್ಲ. ಸುತ್ತು ತಿರುಗುವ ಹೊತ್ತು ಬರುತ್ತದೆ. ಮೈ ತಿರುಗುತ್ತದೆ, ತೊಡೆ ತಿರುಗುತ್ತದೆ. ಕೆಳಗಿನ ರಬ್ಬರು ಮಾತ್ರ ನೆಲವನ್ನು ಹಿಡಿದು ಬಿಡಲೊಲ್ಲದು. ತಿರುಗಲಾರದ ಪಾದಕ್ಕೂ ತಿರುಗಿದ ತೊಡೆಗೂ ನಡುವೆ ಸಿಕ್ಕಿಕೊಳ್ಳುವುದು ಮೊಣಕಾಲು. ಮಡಿಸಿ ಬಿಡಿಸುವುದಕ್ಕಾಗಿ ಇರುವ ಆ ಕೀಲು ಹಿಂಡನ್ನು ಹೆಚ್ಚು ಸಹಿಸದು. ಹಿತವೆಂದು ಆರಿಸಿದ್ದೇ ಅಹಿತವಾಯಿತು. ಇಂಥ ಅಪಾಯವಿರುವುದರಿಂದಲೇ ಬಲ್ಲ ಶಿಕ್ಷಕರು ಹೊಸಬರ ಮುಖಕ್ಕಿಂತ ಮೊದಲು ಅವರ ಕಾಲನ್ನು ನೋಡುತ್ತಾರೆ.

ಸಭೆಯ ಮುಂದೆ ಕುಣಿಯುವಾಗಿನ ಮೆಟ್ಟುಗಳಲ್ಲಿ ಜಾತಿಗಳುಂಟು. ವಾಲ್ಟ್ಸ್ ವರ್ಗದ ನೃತ್ಯಗಳಿಗೆ ಗಂಡಸರದು ಸುಮಾರು ಒಂದು ಅಂಗುಲದ ಹಿಮ್ಮಡಿಯ, ಲಾಡಿ ಕಟ್ಟುವ ಕಪ್ಪು ಬೂಟು. ಹೆಂಗಸರದು ಬೆರಳು ಮುಚ್ಚಿದ, ಎರಡು ಎರಡೂವರೆ ಅಂಗುಲ ಎತ್ತರದ ಮೆಟ್ಟು. ರುಂಬಾ, ಚಾ ಚಾ ಚಾ ಮೊದಲಾದ ಲ್ಯಾಟಿನ್ ನೃತ್ಯಗಳಲ್ಲಿ ದೇಹದ ಭಾರ ಮುಂಗಾಲಿನ ಮೇಲಿರಬೇಕಾದುದರಿಂದ ಗಂಡಸರ ಹಿಮ್ಮಡಿಯೂ ಒಂದೂವರೆ ಅಂಗುಲಕ್ಕೆ ಏರುತ್ತದೆ. ಹೆಂಗಸರು ಬೆರಳು ತೆರೆದ, ಪಟ್ಟಿ ಬಿಗಿದ, ಇನ್ನೂ ಎತ್ತರದ ಮೆಟ್ಟು ತೊಡುತ್ತಾರೆ. ಇವುಗಳಲ್ಲದೆ ಅಭ್ಯಾಸಕ್ಕೆಂದೇ ಬೇರೊಂದು ಜಾತಿಯಿದೆ: ತಗ್ಗಾದ ಅಗಲ ಹಿಮ್ಮಡಿ, ಬಿಗಿಯಾದ ಲಾಡಿ, ಸುಲಭವಾಗಿ ಬಾಗುವ ಅಟ್ಟೆ. ನೋಟಕ್ಕೆ ಸಾಧಾರಣ, ಹಬ್ಬದ ದಿನ ಅಡಿಗೆಮನೆಯಲ್ಲಿ ದುಡಿಯುವವರ ಹಾಗೆ ಇದನ್ನು ಅತಿಥಿಗಳು ಕಾಣುವುದಿಲ್ಲ.

ಹಾಗಾದರೆ ಅಭ್ಯಾಸಕ್ಕೆ ಯಾವುದು? ಇಲ್ಲಿ ಎರಡು ಪಕ್ಷಗಳುಂಟು. ಸಭೆಯಲ್ಲಿ ತೊಡುವುದನ್ನೇ ಅಭ್ಯಾಸದಲ್ಲಿಯೂ ತೊಡಬೇಕೆಂಬುದು ಒಂದು. ಅದರಲ್ಲಿ ಸತ್ಯಾಂಶವಿದೆ. ಹಿಮ್ಮಡಿ ಒಂದು ಅಂಗುಲ ಏರಿದರೆ ದೇಹದ ಸಮತೋಲ ಮುಂದೆ ಸರಿಯುತ್ತದೆ. ಸಂಗಾತಿಯ ಭುಜಕ್ಕೂ ತನ್ನ ಕೈಗೂ ಇರುವ ಅಂತರ ಬದಲಾಗುತ್ತದೆ. ತಗ್ಗಿನಲ್ಲಿ ಕಲಿತ ತೂಕ ಎತ್ತರದಲ್ಲಿ ತಾನಾಗಿ ಒದಗದು. ಗಂಟೆಗಟ್ಟಲೆ ಎತ್ತರದಲ್ಲಿ ನಿಂತರೆ ಬೆರಳಿನ ಬುಡವೂ ಮೀನಖಂಡವೂ ನೋಯುತ್ತವೆ, ನೊಂದ ಕಾಲು ಕಳ್ಳಹೆಜ್ಜೆ ಇಡುತ್ತದೆ, ಆ ಕಳ್ಳಹೆಜ್ಜೆಯೇ ಅಭ್ಯಾಸವಾಗಿ ಕೂರುತ್ತದೆ ಎಂಬುದು ಇನ್ನೊಂದು ಪಕ್ಷ. ಇದೂ ಸುಳ್ಳಲ್ಲ. ನನಗೆ ಒಪ್ಪಿಗೆಯಾಗುವುದು ಎರಡನ್ನೂ ಹೊತ್ತು ನೋಡಿ ಬಳಸುವ ದಾರಿ. ಹೊಸ ಪಾಠಕ್ಕೆ, ಮತ್ತೆ ಮತ್ತೆ ತಿದ್ದಿಕೊಳ್ಳಬೇಕಾದ ಭಾಗಕ್ಕೆ ತಗ್ಗಿನ ಮೆಟ್ಟು. ಪಾಠ ಕೈಗೂಡಿದ ಮೇಲೆ, ಅಭ್ಯಾಸದ ಕೊನೆಯ ಭಾಗದಲ್ಲಿ, ಸಭೆಯ ಮೆಟ್ಟು. ಇದು ಜಿಪುಣತನವೂ ಅಲ್ಲ, ಸೋಮಾರಿತನವೂ ಅಲ್ಲ.

ನೋವನ್ನು ನುಂಗಿ ಕುಣಿದವರ ಕೀರ್ತಿ ದೊಡ್ಡದು. 1936ರ ‘ಸ್ವಿಂಗ್ ಟೈಮ್’ ಚಲನಚಿತ್ರದಲ್ಲಿ ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಮೆಟ್ಟಿಲೇರುತ್ತ ಕುಣಿಯುವ ದೃಶ್ಯವೊಂದಿದೆ. ಅದನ್ನು ನಲವತ್ತಕ್ಕೂ ಹೆಚ್ಚು ಸಲ ಚಿತ್ರಿಸಬೇಕಾಯಿತೆಂದೂ, ಕೊನೆಗೆ ರಾಜರ್ಸ್ ಅವರ ಮೆಟ್ಟಿನೊಳಗೆ ರಕ್ತ ಕಂಡಿತೆಂದೂ ಚಿತ್ರರಂಗದ ಚರಿತ್ರೆ ಹೇಳುತ್ತದೆ. ತೆರೆಯ ಮೇಲೆ ನೋಡುವ ನಮಗೆ ಕಾಣುವುದು ಹಗುರವಾದ ತೇಲಾಟ ಮಾತ್ರ. ಆ ಶ್ರದ್ಧೆಗೆ ಕೈಮುಗಿಯೋಣ. ಆದರೆ ಅದನ್ನು ದಿನನಿತ್ಯದ ಪಾಠಶಾಲೆಯ ನಿಯಮವನ್ನಾಗಿ ಮಾಡುವುದು ಬೇಡ. ರಕ್ತ ಕಲೆಯ ಬೆಲೆಯಾಗಿರಬಹುದು. ಅದು ಕಲೆಯ ಅಳತೆಗೋಲಲ್ಲ.

ಕೊಳ್ಳುವಾಗ ನೆನಪಿಡಬೇಕಾದ ಮಾತುಗಳು ಕೆಲವೇ. ಪಾದ ಸ್ವಲ್ಪ ಉಬ್ಬಿರುವ ಸಂಜೆಯ ಹೊತ್ತು ಹಾಕಿ ನೋಡಬೇಕು. ಬಿಗಿಯಾಗಿರಬೇಕು, ಹಿಂಸೆಯಾಗಬಾರದು, ಮೆಟ್ಟಿನೊಳಗೆ ಪಾದ ಜಾರಿದರೆ ನೆಲದ ಮೇಲಿನ ಜಾರುವಿಕೆ ಹಿಡಿತಕ್ಕೆ ಸಿಕ್ಕದು. ಅಟ್ಟೆ ಮುಂಗಾಲಿನಲ್ಲಿ ಬಾಗಬೇಕು, ಪಾದದ ಕಮಾನಿನ ಕೆಳಗೆ ಗಟ್ಟಿಯಾಗಿ ನಿಲ್ಲಬೇಕು. ಬಣ್ಣದ ವಿಚಾರ ಕೊನೆಗೆ ಬರಲಿ.

ಕೆಲವು ತಿಂಗಳು ಕಳೆದ ಮೇಲೆ ಆ ಜೊತೆಯನ್ನು ತಿರುಗಿಸಿ ನೋಡಬೇಕು. ಅಟ್ಟೆಯ ಒಂದು ಅಂಚು ಮಾತ್ರ ಸವೆದಿದೆಯೆ? ಭಾರ ಒಂದೇ ಪಕ್ಕಕ್ಕೆ ಬೀಳುತ್ತಿದೆ. ಎಡದ್ದು ಹೊಸದರಂತಿದ್ದು ಬಲದ್ದು ಮಾತ್ರ ತೆಳ್ಳಗಾಗಿದೆಯೆ? ಒಂದು ಕಾಲು ದುಡಿಯುತ್ತಿದೆ, ಇನ್ನೊಂದು ಅದನ್ನು ನಂಬಿ ಕೂತಿದೆ. ಕನ್ನಡಿ ಹೊಗಳಬಹುದು, ಸಂಗಾತಿ ದಾಕ್ಷಿಣ್ಯಕ್ಕೆ ಸುಮ್ಮನಿರಬಹುದು, ಅಟ್ಟೆಗೆ ದಾಕ್ಷಿಣ್ಯವಿಲ್ಲ. ಹನ್ನೆರಡು ರಾಜಕುಮಾರಿಯರ ಗುಟ್ಟನ್ನು ಉಳಿಸದ ಅದು ನಮ್ಮದನ್ನು ಉಳಿಸೀತೆ? ಸರಿಯಾದ ಮೆಟ್ಟನ್ನು ಆರಿಸಿಕೊಂಡವನಿಗೆ ಒಂದು ಲಾಭ ಖಂಡಿತ. ಇನ್ನು ನೆಲ ಡೊಂಕೆಂದು ಹೇಳುವ ಅವಕಾಶ ಅವನಿಗೆ ಉಳಿಯುವುದಿಲ್ಲ. ಅಭ್ಯಾಸ ನಿಜವಾಗಿ ಆರಂಭವಾಗುವುದು ಆಮೇಲೆಯೇ.