ತೂತು ಸಣ್ಣದಾದರೂ ಹೊಲಿಗೆ ಬೇಕು

ಹೈದರಾಬಾದ್ ಹೆದ್ದಾರಿಯ ಬೋರಾಮಣಿಯಿಂದ ದೊಡ್ಡಾಸ್ಪತ್ರೆಗೆ ಹೋಗುವವರು ಸೊಲ್ಲಾಪುರದ ದಾರಿ ಹಿಡಿಯುತ್ತಾರೆ.  ಪಿತ್ತಕೋಶದಲ್ಲಿ ಕಲ್ಲಾದರೂ ಅದೇ ದಾರಿ. ಹಿಂದೆ ಅದಕ್ಕೆ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದರು. ಈಗ ದುರ್ಬೀನ್ ಆಪರೇಷನ್ (ಲ್ಯಾಪರೊಸ್ಕೋಪಿ): ಮೂರ್ನಾಲ್ಕು ತೂತು, ಒಂದೆರಡು ದಿನದಲ್ಲಿ ಮನೆ. ಅಪರೂಪಕ್ಕೊಮ್ಮೆ ಆ ತೂತಿನಲ್ಲೇ ಕರುಳು ಸಿಕ್ಕಿಕೊಳ್ಳುತ್ತದೆ. ವೈದ್ಯರು ಇದನ್ನು ಪೋರ್ಟ್ ಸೈಟ್ ಹರ್ನಿಯಾ ಎನ್ನುತ್ತಾರೆ.

ಸ್ವೀಡನ್ನಿನ ಯಾಕೋಬಿಯಸ್ 1910ರಲ್ಲೇ ನಳಿಗೆ ಇಳಿಸಿ ರೋಗಿಗಳ ಹೊಟ್ಟೆಯೊಳಗೆ ನೋಡಿದ್ದರು. ಬಹುಕಾಲ ಅದು ಮುಖ್ಯವಾಗಿ ನೋಡುವುದಕ್ಕಷ್ಟೇ ಬಳಕೆಯಾಯಿತು. ಆಗಲೂ ತೂತಿನ ತೊಂದರೆ ತಪ್ಪಿರಲಿಲ್ಲ. 1968ರಲ್ಲಿ ಫಿಯರ್ ಎಂಬ ವೈದ್ಯರು ಸ್ತ್ರೀರೋಗ ತಪಾಸಣೆಯ ಲೇಖನದಲ್ಲಿ ಇಂಥ ಹರ್ನಿಯಾವನ್ನು ದಾಖಲಿಸಿದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಇದೇ ವಿಧಾನದಿಂದ ಪಿತ್ತಕೋಶ ತೆಗೆದರು. 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಮುಂಬೈಗೆ ತಂದರು.

ನೋಡುವುದು ಬೇರೆ, ಹೊರತೆಗೆಯುವುದು ಬೇರೆ. ಕಲ್ಲು ತುಂಬಿದ ಪಿತ್ತಕೋಶ 10 ಮಿಲಿಮೀಟರ್ ದಾರಿಯಲ್ಲಿ ಸಲೀಸಾಗಿ ಬರುವುದಿಲ್ಲ. ಹೊಕ್ಕುಳ ಬಳಿಯ ತೂತನ್ನು ಹಿಗ್ಗಿಸಬೇಕಾಗುತ್ತದೆ. ಚರ್ಮ ಕೂಡಿಕೊಂಡರೂ ಅದರಡಿಯ ಗಟ್ಟಿ ಪೊರೆ ಬಾಯಿ ತೆರೆದೇ ಉಳಿಯಬಹುದು. ಕೊನೆಗೆ ನಳಿಗೆ ಎಳೆಯುವ ಹೊತ್ತೂ ಸೂಕ್ಷ್ಮ. ಹೊಟ್ಟೆಗೆ ತುಂಬಿದ ಅನಿಲ ರಭಸದಿಂದ ಹೊರನುಗ್ಗಿದರೆ ಕೊಬ್ಬಿನ ಪದರವೋ ಕರುಳೋ ಜೊತೆಗೇ ತೂತಿಗೆ ಬರಬಹುದು. ಅದಕ್ಕೇ ಅನಿಲವನ್ನು ನಿಧಾನಕ್ಕೆ ಬಿಟ್ಟು, ಕ್ಯಾಮೆರಾದಲ್ಲಿ ನೋಡುತ್ತಲೇ ನಳಿಗೆ ತೆಗೆಯುತ್ತಾರೆ. 10 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ತೂತಿನ ಒಳಪೊರೆಗೂ ಹೊಲಿಗೆ ಹಾಕುವ ರೂಢಿ ಬಂದದ್ದು ಹೀಗೆ. ಮಕ್ಕಳಲ್ಲಿ 5 ಮಿಲಿಮೀಟರಿನದನ್ನೂ ಹೊಲಿಯುವುದುಂಟು.

ಈ ತೂತುಗಳಲ್ಲಿ ಮೋಸ ಮಾಡುವುದು ರಿಕ್ಟರ್ ಹರ್ನಿಯಾ.

18ನೇ ಶತಮಾನದ ಜರ್ಮನ್ ಶಸ್ತ್ರವೈದ್ಯನ ಹೆಸರು ಹೊತ್ತ ಇದರಲ್ಲಿ ಕರುಳಿನ ಗೋಡೆಯ ಒಂದು ಬದಿಯಷ್ಟೇ ಸಿಕ್ಕಿಕೊಳ್ಳುತ್ತದೆ. ದಾರಿ ಪೂರ್ತಿ ಮುಚ್ಚದ್ದರಿಂದ ಗಾಳಿ, ಮಲ ಎರಡೂ ಹೋಗುತ್ತಿರಬಹುದು. ವಾಕರಿಕೆ, ಹೊಟ್ಟೆಯುಬ್ಬರವನ್ನು ಗ್ಯಾಸ್ ಎಂದುಕೊಂಡು ಮನೆಯವರು ಜೀರಿಗೆ ನೀರು ಕುಡಿಸುತ್ತ ಕಾಯುವಷ್ಟರಲ್ಲಿ ಸಿಕ್ಕ ಭಾಗಕ್ಕೆ ರಕ್ತ ನಿಂತು ಕರುಳು ಕೊಳೆಯಬಹುದು. ಆಪರೇಷನ್ ಆದ ಕೆಲ ದಿನಗಳಲ್ಲಿ ತೂತಿನ ಬಳಿ ನೋವು ಏರುತ್ತ ವಾಂತಿ ಶುರುವಾದರೆ ಸಿಟಿ ಸ್ಕ್ಯಾನ್ ಗುಟ್ಟು ಬಯಲು ಮಾಡುತ್ತದೆ.

2004ರಲ್ಲಿ ಜಪಾನಿನ ತೊನೊಉಚಿ ಮತ್ತು ಸಂಗಡಿಗರು ತೂತಿನ ಹರ್ನಿಯಾಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬೇಗ ಬರುವುದು, ತಡವಾಗಿ ಬರುವುದು, ಹೊಟ್ಟೆಯ ಗೋಡೆಯೇ ಬಿಟ್ಟುಕೊಂಡು ಕರುಳು ಹೊರಬೀಳುವುದು. ತಡದ್ದು ತಿಂಗಳುಗಳ ಮೇಲೆ, ಕೆಮ್ಮಿದಾಗ ಹೊಕ್ಕುಳ ಬಳಿ ಉಬ್ಬಾಗಿ ಕಾಣುತ್ತದೆ. ಬೊಜ್ಜು ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಗಾಯ ಕೀವಾದವರಿಗೆ ಅಪಾಯ ಹೆಚ್ಚು. ಮೆಶ್ ಎಂಬ ಬಲೆ ಹಾಕಿ ಹರ್ನಿಯಾ ಸರಿಪಡಿಸುವುದೂ ಎಷ್ಟೋ ಸಲ ದುರ್ಬೀನಿನಿಂದಲೇ. ಆಗ ಹೊಸ ತೂತುಗಳಾಗುತ್ತವೆ. ಅವುಗಳಲ್ಲಿ ದೊಡ್ಡವಕ್ಕೆ ಮತ್ತೆ ಒಳಹೊಲಿಗೆ.