ಆಳು ಹೊಗುವ ಪಂಜರ: ದೊಡ್ಡ ಗೋಸುಂಬೆಗೆ ಮನೆ ಕಟ್ಟೋ ಮುಂಚೆ

ಭಾನುವಾರದ ಮಾತಿನಲ್ಲಿ ನಕ್ಷೆ ತೋರಿಸ್ತಾ ಅವಸರದಲ್ಲಿ ಹೇಳಿದ್ದನ್ನ ಇಲ್ಲಿ ಸಾವಕಾಶ ಬರೆದಿದ್ದೇನೆ. ಕ್ರಮ ಸ್ವಲ್ಪ ಬದಲಾಗಿದೆ, ವಿಷಯ ಅದೇ.

ಹಳೆ ಕೇಳುಗರಿಗೆ ಗೊತ್ತು, ನನ್ನ ಕಸುಬು ಪಾಲಿಹೌಸ್ ಕಟ್ಟೋದು. ಪುಣೆ ಹತ್ತಿರ ತಳೇಗಾಂವ್ ಕಡೆ ಜರ್ಬೇರಾ, ಗುಲಾಬಿ ಬೆಳೆಯೋರಿಗೆ ಚೌಕಟ್ಟು, ಪರದೆ, ಫಾಗರ್ ಎಲ್ಲ ಹಾಕಿಕೊಡ್ತೇನೆ. ಹಿಂಗಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊದಲ್ಲಿರೋ ನಮ್ಮ ಅಕ್ಕನ ಮಗ ಒಂದು ದಿನ ಫೋನ್ ಮಾಡಿ, "ಮಾಮಾ, ಹಿತ್ತಲದಾಗ ಒಂದು ಗ್ರೀನ್‌ಹೌಸ್ ಕಟ್ಟಬೇಕು, ನಕ್ಷಾ ಹಾಕಿಕೊಡು" ಅಂದ. ಯಾವ ಗಿಡಕ್ಕೆ ಅಂತ ಕೇಳಿದ್ರೆ, ಗಿಡಕ್ಕಲ್ಲ, ಗೋಸುಂಬೆಗೆ ಅಂದ.

ಅವನ ಹತ್ತಿರ ಇರೋದು ಪಾರ್ಸನ್ ಗೋಸುಂಬೆ. ಮಡಗಾಸ್ಕರ್ ದ್ವೀಪದ ಪೂರ್ವ ಮತ್ತು ಉತ್ತರದ ಮಳೆಕಾಡಿನದು. ಗಂಡು ಪೂರ್ತಿ ಬೆಳೆದರೆ ಬಾಲ ಸೇರಿ ಎರಡು ಅಡಿ, ತೂಕ ಅರ್ಧ ಕಿಲೋ ದಾಟುತ್ತೆ. ಜಗತ್ತಿನ ಅತಿ ದೊಡ್ಡ ಗೋಸುಂಬೆಗಳಲ್ಲಿ ಒಂದು. ನಿಧಾನಕ್ಕೆ ಬೆಳೆದು, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತೆ. ಅಲ್ಲಿಯ ಸಾಕಣೆಯಲ್ಲೇ ಹುಟ್ಟಿದ ಮರಿಯನ್ನ ಅವನು ತಂದು ಮೂರು ವರ್ಷ ಆಯ್ತು. ಒಳಕೋಣೆಯಲ್ಲಿ ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಪಂಜರ ಇದೆ, ಅದು ಈಗ ಸಾಲ್ತಿಲ್ಲ. ಹಿತ್ತಲಲ್ಲಿ 8 ಅಡಿ ಅಗಲ, 10 ಅಡಿ ಉದ್ದ, 8 ಅಡಿ ಎತ್ತರದ, ಆಳು ಒಳಗೆ ಹೊಕ್ಕು ನಿಲ್ಲುವಂಥದ್ದು ಬೇಕು ಅನ್ನೋದು ಅವನ ಆಸೆ. ಜತೆಗೆ, "ಇಷ್ಟು ಜಾಗಾ ಇದ್ರ ಇನ್ನೊಂದು ಗಂಡು ತರಬಹುದಲ್ಲ?"

ಮೊದಲು ಗ್ರೀನ್‌ಹೌಸ್ ಅನ್ನೋ ಮಾತು. ನಾನು ಕಟ್ಟೋ ಮನೆಯ ಕೆಲಸವೇ ಬಿಸಿಲನ್ನ ಒಳಗೆ ಹಿಡಿದಿಡೋದು. ಪಾರ್ಸನ್‌ಗೆ ಅದೇ ಯಮ. ಹಗಲು 25 ಡಿಗ್ರಿ ಆಸುಪಾಸು, ರಾತ್ರಿ 15ರಿಂದ 18ಕ್ಕೆ ಇಳಿಯೋ ತಂಪು ಅದಕ್ಕೆ ಬೇಕು. 30 ದಾಟಿ ಗಂಟೆಗಟ್ಟಲೆ ನಿಂತರೆ ಜೀವಕ್ಕೇ ಅಪಾಯ. ಸ್ಯಾನ್ ಡಿಯೆಗೊ ಕಡಲ ದಂಡೆಯಲ್ಲಿ ಹವೆ ತಂಪು, ಹತ್ತಿಪ್ಪತ್ತು ಮೈಲಿ ಒಳನಾಡಿಗೆ ಸರಿದರೆ ಬೇಸಿಗೆ 35 ಮುಟ್ಟುತ್ತೆ. ಇವನ ಮನೆ ಒಳನಾಡಿನಲ್ಲೇ. ಗಾಜು ಅಥವಾ ಪಾಲಿಕಾರ್ಬೊನೇಟ್ ಹಾಕಿ ಮುಚ್ಚಿದರೆ ಆ ದಿನ ಒಳಗೆ 45 ಆಗೋದಕ್ಕೆ ಮಧ್ಯಾಹ್ನದವರೆಗೂ ಕಾಯಬೇಕಿಲ್ಲ.

ಗಾಜಿನದು ಇನ್ನೊಂದು ತಕರಾರು. ಗೋಸುಂಬೆಯ ಚರ್ಮ ಡಿ3 ಜೀವಸತ್ವ ತಯಾರಿಸೋಕೆ ಬಿಸಿಲಿನ ಯುವಿಬಿ ಕಿರಣ ಬೇಕು. ಅದು ಸಿಗದಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತೋದಿಲ್ಲ, ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತೆ. ಗಾಜು, ಪಾಲಿಕಾರ್ಬೊನೇಟ್ ಎರಡೂ ಬೆಳಕು ಬಿಟ್ಟುಕೊಂಡು ಯುವಿಬಿಯನ್ನ ತಡೀತವೆ. ನಮ್ಮ ಕಣ್ಣಿಗೆ ಒಳಗೆಲ್ಲ ಬೆಳ್ಳಗೆ ಬಿಸಿಲು, ಪ್ರಾಣಿಗೆ ಮಾತ್ರ ಉಪವಾಸ. ಜಾಲರಿಯೂ ಒಂದಿಷ್ಟು ಕಡಿಮೆ ಮಾಡುತ್ತೆ, ಆದರೆ ಪೂರ್ತಿ ತಡೆಯೋದಿಲ್ಲ.

ಅದಕ್ಕೆ ನಾನು ಹಾಕಿಕೊಟ್ಟಿದ್ದು ಹಸಿರುಮನೆಯಲ್ಲ, ಜಾಲರಿಮನೆ. ಮನೆಯ ಪೂರ್ವದ ಗೋಡೆಗೆ ಒತ್ತಿ ನಿಲ್ಲಿಸಿದರೆ ಬೆಳಗಿನ ಎಳೆಬಿಸಿಲು ಸಿಗುತ್ತೆ, ಮಧ್ಯಾಹ್ನದ ಮೇಲಿನದಕ್ಕೆ ಮನೆಯೇ ಅಡ್ಡ. ಚಾವಣಿ ಪೂರ್ವದ ಅರ್ಧ ಬರೀ ಜಾಲರಿ, ಗೋಡೆ ಕಡೆಯ ಅರ್ಧ ಬಿಸಿಲು ತೂರದ ಗಟ್ಟಿ ಹೊದಿಕೆ. ಜಾಲರಿ ಭಾಗಕ್ಕೆ ಬೇಸಿಗೆಯಲ್ಲಿ ಎಳೆದು ಮುಚ್ಚೋ ನೆರಳುಪರದೆ. ಹೀಗೆ ಮಾಡಿದಾಗ ಒಂದೇ ಹೊತ್ತಿನಲ್ಲಿ ಒಳಗೆ ಬಿಸಿಲಿನ ಮೂಲೆ, ಅರೆನೆರಳು, ಪೂರ್ತಿ ತಂಪು ಮೂರೂ ಇರ್ತವೆ. ದೊಡ್ಡ ಪಂಜರದ ಅಸಲು ಲಾಭ ಇದೇ ನೋಡ್ರಿ. ಗೋಸುಂಬೆ ತನ್ನ ಮೈ ಬಿಸಿಯನ್ನ ತಾನು ಕೂರೋ ಜಾಗದಿಂದ ಸರಿಮಾಡಿಕೊಳ್ಳೋ ಪ್ರಾಣಿ. ಅಗಲ ಎಷ್ಟಿದ್ರೂ ಎಲ್ಲ ಕಡೆ ಒಂದೇ ಹವೆ ಇದ್ದರೆ ಅದಕ್ಕೆ ಹೋಗೋಕೆ ಜಾಗವೇ ಇಲ್ಲ. ಎರಡಡಿ ಪಂಜರದಲ್ಲಿ ಬಲ್ಬಿನ ಕಾವು ಮೂಲೆಮೂಲೆಗೂ ತಲುಪುತ್ತೆ. ಹತ್ತಡಿಯಲ್ಲಿ ಅದರಿಂದ ತಪ್ಪಿಸಿಕೊಳ್ಳಬಹುದು.

ಈಗ ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯ. ಅವನು ಕಳಿಸಿದ ಚಿತ್ರದಲ್ಲಿ ನೆಲದ ತುಂಬ ಕುಂಡ, ಮಧ್ಯೆ ಒಂದು ಒಣ ಮರದ ಕಾಂಡ, ಮೇಲೆಲ್ಲ ಬಯಲು. 8, 10, 8 ಗುಣಿಸಿದರೆ 640 ಘನ ಅಡಿ, ಕೇಳೋಕೆ ಅರಮನೆ. ಆದರೆ ಗೋಸುಂಬೆ ಹಾರೋದಿಲ್ಲ, ನೆಲದ ಮೇಲೆ ಓಡಾಡೋದನ್ನೂ ಮೆಚ್ಚೋದಿಲ್ಲ. ಅದರ ಬೆರಳು ಎರಡು ಕಟ್ಟಾಗಿ ಕೂಡಿಕೊಂಡು ಇಕ್ಕಳದ ಹಾಗಿರ್ತವೆ, ಬಾಲ ಐದನೇ ಕೈ. ಕೊಂಬೆ ಇದ್ದಲ್ಲಿ ಮಾತ್ರ ಅದರ ಲೋಕ. ಆರು ಅಡಿಯ ನಾಲ್ಕು ಕೊಂಬೆ ಇಟ್ಟರೆ ಆ 640ರಲ್ಲಿ ಅದಕ್ಕೆ ಸಿಕ್ಕಿದ್ದು 24 ಅಡಿ ರಸ್ತೆ, ಅಷ್ಟೇ.

ಹಂಗಾಗಿ ಪಂಜರದ ನಕ್ಷೆಗಿಂತ ಮುಂಚೆ ಕೊಂಬೆಯ ನಕ್ಷೆ ಹಾಕಬೇಕು. ಮೂರು ಅಂತಸ್ತು: ನಾಲ್ಕಡಿ, ಐದೂವರೆ, ಏಳಡಿ ಎತ್ತರದಲ್ಲಿ ಅಡ್ಡಡ್ಡ ಕೊಂಬೆಗಳು, ಅವುಗಳ ನಡುವೆ ಓರೆಯಾಗಿ ಏರೋ ದಾರಿ. ದಪ್ಪ ಬೆರಳಿನಿಂದ ಮುಂಗೈವರೆಗೆ ಬೇರೆಬೇರೆ ಇರಲಿ, ಒಂದೇ ಅಳತೆಯ ಡೋವೆಲ್ ಕೋಲು ಬ್ಯಾಡ. ಪಾದ ಒಂದೇ ಥರ ಹಿಡಿದು ಹಿಡಿದು ಸವೆಯುತ್ತೆ. ಏಳಡಿ ಯಾಕಂದ್ರೆ, ತನಗಿಂತ ಎತ್ತರದ ಪ್ರಾಣಿ ಒಳಗೆ ಬಂತಂದ್ರೆ ಗೋಸುಂಬೆಗೆ ಅದು ಬೇಟೆಗಾರನೇ. ನಾವು ಒಳಗೆ ನಿಂತಾಗ ಅದು ನಮ್ಮ ತಲೆಗಿಂತ ಮೇಲಿರಬೇಕು. ಆಳು ಹೊಗುವ ಪಂಜರದ ದೊಡ್ಡ ಅಪಾಯವೇ ಆಳು ಹೊಗೋದು.

ಕುಂಡಗಳ ಮಾತೂ ಅದೇ. ನೆಲದ ಮೇಲೆ ಇಟ್ಟ ಮೂರಡಿ ಗಿಡದ ಎಲೆ ಯಾರ ಉಪಯೋಗಕ್ಕೂ ಇಲ್ಲ. ಸ್ಟ್ಯಾಂಡ್ ಮೇಲೆ ಏರಿಸಿ, ಎಲೆಯ ದಟ್ಟಣೆ ಐದರಿಂದ ಏಳಡಿ ನಡುವೆ ಬರೋ ಹಾಗೆ ಮಾಡಬೇಕು. ಫೈಕಸ್, ಸ್ಕೀಫ್ಲೆರಾ, ದಾಸವಾಳ, ಮನಿಪ್ಲಾಂಟ್ ನಡೀತವೆ. ಕಣಗಿಲೆ ಹತ್ತಿರವೂ ಬರಬಾರದು, ಅದು ವಿಷ. ಮತ್ತೆ ನನ್ನ ಕಸುಬಿನ ಒಂದು ಒಳಗುಟ್ಟು: ನರ್ಸರಿಯಿಂದ ಬರೋ ಚೆಂದದ ಗಿಡ ಅಂದ್ರೆ ಔಷಧ ಹೊಡೆದ ಗಿಡ. ಎಲೆ ತೊಳೆದು, ಮಣ್ಣು ಪೂರ್ತಿ ಬದಲಿಸಿ, ಕೆಲವು ವಾರ ಮಳೆಬಿಸಿಲಿಗೆ ಹೊರಗಿಟ್ಟ ಮೇಲೇ ಒಳಗೆ. ಗೋಸುಂಬೆ ನೀರು ಕುಡಿಯೋದು ಅದೇ ಎಲೆಯ ಮೇಲಿನ ಹನಿಯಿಂದ. ಬಟ್ಟಲಲ್ಲಿ ಇಟ್ಟ ನಿಂತ ನೀರು ಅದಕ್ಕೆ ನೀರು ಅಂತಲೇ ಗೊತ್ತಾಗೋದಿಲ್ಲ.

ನೀರು ಸಿಂಪಡಿಸೋದು ಬೆಳಗ್ಗೆ ಬೆಳಕು ಹರಿಯೋ ಮುಂಚೆ ಮತ್ತೆ ಸಂಜೆ. ರಾತ್ರಿ ಮಂಜು ಬಿಡಬಹುದು, ಹಗಲು ಎಲೆ ಆರಬೇಕು. ಬಿಸಿಯೂ ತೇವವೂ ಒಟ್ಟಿಗೆ ನಿಂತರೆ ಉಸಿರಾಟದ ಸೋಂಕು ಖಂಡಿತ ಅಂತ ಇಟ್ಕೊಳ್ರಿ. ನೆಲಕ್ಕೆ ಅಡಿಗೆ ಕಾಲು ಇಂಚು ಇಳಿಜಾರು, ಮೇಲೆ ಜಲ್ಲಿ, ಕೊನೆಗೊಂದು ಮೋರಿ. ನೀರು ನಿಂತರೆ ಬೂಸು.

"ಮಾಮಾ, ಸೆಖೆ ಆದಾಗ ಫಾಗರ್ ಹಾಕಿದ್ರ ತಂಪಾಗ್ತದಲ್ಲ?" ಅಂತ ಕೇಳಿದ. ಆಗುತ್ತೆ, ಒಂದು ಮಿತಿಯವರೆಗೆ. ದೆಹಲಿಯಲ್ಲಿರೋ ನಮ್ಮ ಕೇಳುಗರಿಗೆ ಇದನ್ನ ವಿವರಿಸೋದೇ ಬೇಡ. ಮೇ ತಿಂಗಳ ಒಣಗಾಳಿಯಲ್ಲಿ ನೀರಿನ ಕೂಲರ್ ಸ್ವರ್ಗ, ಜುಲೈ ಬಂತಂದ್ರೆ ಅದೇ ಕೂಲರ್ ಬರೀ ಜಿಗುಟು. ನೀರು ಆವಿಯಾಗುವಾಗ ಕಾವು ಹೀರುತ್ತೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ರೆ ಆವಿಯಾಗೋಕೆ ಜಾಗ ಎಲ್ಲಿ? ಸ್ಯಾನ್ ಡಿಯೆಗೊ ಒಳನಾಡಿನ ಒಣ ಹವೆಯಲ್ಲಿ ಕೆಲಸ ಮಾಡುತ್ತೆ, ಆದರೆ ನಾಲ್ಕೂ ಕಡೆ ತೆರೆದ ಜಾಲರಿಯಲ್ಲಿ ನಾಲ್ಕೈದು ಡಿಗ್ರಿ ಇಳಿದರೆ ಅದೇ ದೊಡ್ಡದು. 38 ಆದ ದಿನ ಪ್ರಾಣಿಯನ್ನ ಒಳಗೆ ಒಯ್ಯಬೇಕು, ಬೇರೆ ದಾರಿ ಇಲ್ಲ. ಚಳಿಗಾಲದ ರಾತ್ರಿ 10ಕ್ಕಿಂತ ಕೆಳಗೆ ಹೋದಾಗಲೂ ಅಷ್ಟೇ. ಒಳಕೋಣೆಯ ಹಳೆ ಪಂಜರ ಮಾರಬೇಡ ಅಂತ ಅವನಿಗೆ ಎರಡು ಸಲ ಹೇಳಿದೆ.

ಜಾಲರಿ ಅರ್ಧ ಇಂಚಿನ ಕಣ್ಣಿನದು, ಮೇಲೆ ಪ್ಲಾಸ್ಟಿಕ್ ಲೇಪ ಇರೋ ಕಬ್ಬಿಣದ್ದು. ಸೊಳ್ಳೆಪರದೆ ಇಲಿಯ ಹಲ್ಲಿಗೆ ಹತ್ತು ನಿಮಿಷ ತಡೆಯೋದಿಲ್ಲ. ಅಲ್ಲಿ ರಕೂನ್ ಅನ್ನೋ ಪ್ರಾಣಿ ರಾತ್ರಿ ಬಂದು ಕೈ ತೂರಿಸಿ ಎಳೆಯುತ್ತೆ. ಜಾಲರಿಯನ್ನ ಒಂದಡಿ ನೆಲದೊಳಗೆ ಹೂತು ಹೊರಕ್ಕೆ ಮಡಿಸಿದರೆ ಕೆಳಗಿಂದ ತೋಡೋದು ನಿಲ್ಲುತ್ತೆ. ಬಾಗಿಲು ಎರಡು ಬೇಕು, ಪಕ್ಷಿಮನೆಗೆ ಇಡೋ ಹಾಗೆ: ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯೋದು. ಇನ್ನೊಂದು ಸಣ್ಣ ಮಾತು, ಆದರೆ ಇದರಿಂದ ಪ್ರಾಣಿ ಸಾಯಬಹುದು. ಗೋಸುಂಬೆಗೆ ಬಾಗಿಲಿನ ಮೇಲಂಚು ಕೂಡ ಒಂದು ಕೊಂಬೆ. ತೆರೆಯೋ ಮುಂಚೆ, ಮುಚ್ಚೋ ಮುಂಚೆ ತಲೆ ಎತ್ತಿ ನೋಡಬೇಕು.

ದೊಡ್ಡ ಪಂಜರದಲ್ಲಿ ರೋಗ ಅಡಗಿಕೊಳ್ಳುತ್ತೆ. ಎಲೆಯ ಹಿಂದೆ ನಾಲ್ಕು ದಿನ ಕೂತರೂ ಗೊತ್ತಾಗೋದಿಲ್ಲ, ಗೋಸುಂಬೆ ತನ್ನ ಸಂಕಟ ತೋರಿಸಿಕೊಳ್ಳೋ ಪ್ರಾಣಿಯೂ ಅಲ್ಲ. ಅದಕ್ಕೆ ಮಿಡತೆಗಳನ್ನ ಒಳಗೆ ಬಿಡಬಾರದು. ಒಂದೇ ಜಾಗದಲ್ಲಿ, ಎದೆ ಎತ್ತರಕ್ಕೆ, ಬಟ್ಟಲಲ್ಲಿ ಇಡಬೇಕು. ಪ್ರತಿದಿನ ಅದು ಬಟ್ಟಲಿಗೆ ಬಂತೋ, ನಾಲಿಗೆ ನೇರ ಹೋಯ್ತೋ, ಕಣ್ಣು ತುಂಬಿಕೊಂಡಿದೆಯೋ ಗುಳಿಬಿದ್ದಿದೆಯೋ ಅಂತ ನೋಡೋದು. ಬಣ್ಣವೂ ಹೇಳುತ್ತೆ. ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತೆ ಅನ್ನೋದು ನಮ್ಮ ರಾಜಕಾರಣಿಗಳಿಗೆ ಒಪ್ಪೋ ಮಾತು, ಪ್ರಾಣಿಗೆ ಅಷ್ಟಾಗಿ ಅಲ್ಲ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿ ಗ್ವಾನಿನ್ ಅನ್ನೋ ವಸ್ತುವಿನ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆ ಆಗಿ ಬಣ್ಣ ಬದಲಾಗುತ್ತೆ ಅಂತ ತೋರಿಸಿದರು. ಸಿಟ್ಟು, ಹೆದರಿಕೆ, ಚಳಿ, ಸೆಖೆ ಇವೇ ಕಾರಣ. ಮಧ್ಯಾಹ್ನ ಮೈ ಬಿಳಚಿ, ಬಾಯಿ ತೆರೆದು ಕೂತಿದ್ದರೆ ಸೆಖೆ ಮಿತಿ ದಾಟಿದೆ ಅಂತ ಅರ್ಥ.

ಈಗ ಇನ್ನೊಂದು ಗಂಡಿನ ಮಾತು. ಬ್ಯಾಡ ಅಂದೆ. "ಅಷ್ಟು ದೊಡ್ಡ ಜಾಗದಾಗ ಒಂದೇ ಇದ್ರ ಅದಕ್ಕ ಬ್ಯಾಸರಾಗೂದಿಲ್ಲೇನು?" ಅಂದ. ಬೇಸರ ಅನ್ನೋದು ನಮ್ಮದು. ಗೋಸುಂಬೆ ಒಂಟಿ ಜೀವಿ. ಎರಡು ಗಂಡು ಕಚ್ಚಾಡದೇ ಇದ್ದರೂ, ಒಂದನ್ನೊಂದು ದಿನವಿಡೀ ನೋಡ್ತಾ ಇರೋದೇ ಸೋತ ಪ್ರಾಣಿಗೆ ಸಾಕು. ಅದು ಮೂಲೆ ಸೇರಿ, ತಿನ್ನೋದು ಬಿಟ್ಟು, ಸೊರಗುತ್ತೆ. ಹತ್ತಡಿ ನಮಗೆ ದೂರ, ಆ ಕಣ್ಣಿಗೆ ಏನೂ ಅಲ್ಲ. ಇಡಲೇಬೇಕಂದ್ರೆ ನಡುವೆ ಆಚೀಚೆ ಕಾಣದ ಗೋಡೆ ಹಾಕಿ ಎರಡು ಪಂಜರ ಮಾಡು, ಆಗ ಒಂದೊಂದಕ್ಕೆ ಐದಡಿ, ನೀನು ಕಟ್ಟೋಕೆ ಹೊರಟಿದ್ದು ಇದಲ್ಲವಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡು ಮಾಮಾ" ಅಂದ.

ವಿಡಿಯೊ ಬಂದ ಮೇಲೆ ಚೆನ್ನೈಯಿಂದ ಒಬ್ಬರು, ಮುಂಬೈಯಿಂದ ಇಬ್ಬರು ನಮ್ಮ ಊರ ಗೋಸುಂಬೆ ಹಿಡಿದು ಹೀಗೆ ಸಾಕಬಹುದಾ ಅಂತ ಕೇಳಿದ್ದಾರೆ. ಖಂಡಿತ ಇಲ್ಲ. ಬೇಲಿ ಮೇಲೆ ತಲೆ ಅಲ್ಲಾಡಿಸೋ ಓತಿಕ್ಯಾತ ಬೇರೆ. ಹುಣಸೆ ಮರದಲ್ಲಿ ತೂಗಾಡ್ತಾ ನಡೆಯೋ ನಮ್ಮ ಗೋಸುಂಬೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಡಿಯೋದು, ಇಟ್ಟುಕೊಳ್ಳೋದು, ಮಾರೋದು ಎಲ್ಲ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ವಿದೇಶಿ ಗೋಸುಂಬೆಗಳಲ್ಲಿ ಪಾರ್ಸನ್, ಪ್ಯಾಂಥರ್, ಯೆಮನ್ ಕಡೆಯ ವೇಲ್ಡ್ ಎಲ್ಲ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಮತ್ತು 2024ರ ನಿಯಮದ ಪ್ರಕಾರ ಅಂಥ ಜೀವಂತ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಇಲ್ಲದೆ ಅಂಗಡಿಯ ಹಿಂಬಾಗಿಲಿಂದ ಕೊಡೋರ ಹತ್ತಿರ ಹೋಗಬೇಡಿ. ಕಾಗದ ಸರಿ ಇದ್ದರೂ ಮುಂಬೈ, ಚೆನ್ನೈಗಳಲ್ಲಿ ಪಾರ್ಸನ್‌ಗೆ ಜಾಲರಿಮನೆ ಆಗೋದಿಲ್ಲ. ಕೂಲರ್ ಕೆಲಸ ಮಾಡದ ಊರಲ್ಲಿ ಫಾಗರ್ ಕೂಡ ಮಾಡೋದಿಲ್ಲ. ವರ್ಷವಿಡೀ ಎಸಿ ಹಾಕಿದ ಕೋಣೆ, ಅದಕ್ಕೊಂದು ಇನ್ವರ್ಟರ್ ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಬ್ಯಾಡ.

ಅಕ್ಕನ ಮಗನ ಪಂಜರ ಜೂನ್‌ನಲ್ಲಿ ಎದ್ದು ನಿಂತಿದೆ. ಗಿಡ ಬೇರು ಬಿಡ್ತಿವೆ, ಕೊಂಬೆಗಳ ಮೇಲೆ ಮೂರು ಎತ್ತರದಲ್ಲಿ ಮೂರು ತಾಪಮಾಪಕ ಕಟ್ಟಿದ್ದಾನೆ. ಪ್ರಾಣಿ ಇನ್ನೂ ಒಳಕೋಣೆಯಲ್ಲೇ. ಅಲ್ಲಿ ಅತಿ ಸೆಖೆ ಆಗಸ್ಟ್, ಸೆಪ್ಟೆಂಬರ್. ಆಮೇಲೆ ಮರುಭೂಮಿ ಕಡೆಯಿಂದ ಸಾಂಟಾ ಆನಾ ಅನ್ನೋ ಒಣಗಾಳಿ ಬೀಸುತ್ತೆ, ಎಲೆ ಕೂಡ ಗರಿಗರಿ ಆಗುತ್ತೆ. ಅವೆರಡನ್ನೂ ಖಾಲಿ ಪಂಜರ ದಾಟಲಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಟ್ಟ ಅಂಕಿ ನನಗೆ ಕಳಿಸು, ಆಮೇಲೆ ಮಾತಾಡೋಣ ಅಂದಿದ್ದೇನೆ. ಮೊನ್ನೆ ಮಧ್ಯಾಹ್ನ ಎರಡಕ್ಕೆ ಏಳಡಿಯಲ್ಲಿ 33, ನಾಲ್ಕಡಿಯಲ್ಲಿ 28. ನೆರಳುಪರದೆಯನ್ನ ಇನ್ನೂ ಎರಡಡಿ ಮುಂದಕ್ಕೆ ಎಳೆಯೋಕೆ ಹೇಳಿದೆ.