ಸೂಜಿ ಹಿಡಿದವರ ಕಿವಿ

ನನ್ನ ಎಡತೋಳಿನ ಮೇಲೆ ಸಿಡುಬಿನ ದಾಕಿನ ಎರಡು ಗುರುತುಗಳಿವೆ. ಶಾಲೆಯ ಜಗುಲಿಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಅದನ್ನು ಹಾಕಿದವರ ಮುಖ ನೆನಪಿಲ್ಲ. ಹೆಸರಂತೂ ಗೊತ್ತೇ ಇರಲಿಲ್ಲ. ದಾಕಿನವರು ಬಂದರೆಂದರೆ ಹಿತ್ತಲಿಗೆ ಓಡುವುದಷ್ಟೇ ನಮಗೆ ತಿಳಿದಿತ್ತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ನಿರ್ಮೂಲವಾಯಿತೆಂದು ಸಾರಿದ ಮೇಲೆ ಆ ಗುರುತುಗಳಿಗೆ ಇನ್ನು ಕೆಲಸವಿಲ್ಲವೆಂದು ಭಾವಿಸಿದ್ದೆ. ಆದ್ದರಿಂದಲೇ, ಅಮೆರಿಕವು 2002ರ ಡಿಸೆಂಬರಿನಲ್ಲಿ ತನ್ನ ಸೈನಿಕರಿಗೆ ಅದೇ ದಾಕನ್ನು ಮತ್ತೆ ಹಾಕಿಸತೊಡಗಿದ ಸುದ್ದಿ ಓದಿ ಬೆರಗಾಗಿದ್ದೆ.

ಸಿಡುಬನ್ನು ಯಾರಾದರೂ ಅಸ್ತ್ರವಾಗಿ ಪ್ರಯೋಗಿಸಬಹುದೆಂಬ ಭಯ ಅದಕ್ಕೆ ಕಾರಣವಾಗಿತ್ತು. ಅದರ ಬೆನ್ನಿಗೇ ಬಂದ ಇರಾಕ್ ಯುದ್ಧವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ಸೇನೆಯ ಅಲರ್ಜಿ ಮತ್ತು ಲಸಿಕಾ ಕ್ಲಿನಿಕ್‌ಗಳ ಸಿಬ್ಬಂದಿ ಮಾಡಿದ ಕೆಲಸವನ್ನು ಯುದ್ಧದ ಲೆಕ್ಕಕ್ಕೆ ಸೇರಿಸಿ ಮರೆತುಬಿಡುವುದು ನ್ಯಾಯವಲ್ಲ.

ಸಿಡುಬಿನ ಲಸಿಕೆ ಸಾಧು ಲಸಿಕೆಯಲ್ಲ. ಅದರಲ್ಲಿರುವುದು ಜೀವಂತ ವೈರಾಣು. ಇಸುಬು ಇರುವವರಿಗೆ ಅದನ್ನು ಹಾಕುವಂತಿಲ್ಲ. ಮನೆಯಲ್ಲಿ ಅಂಥವರಿದ್ದರೂ ಯೋಚಿಸಿಯೇ ಹಾಕಬೇಕು. 2007ರಲ್ಲಿ ಲಸಿಕೆ ಪಡೆದ ಸೈನಿಕನೊಬ್ಬ ರಜೆಯಲ್ಲಿ ಮನೆಗೆ ಹೋದಾಗ, ಇಸುಬಿದ್ದ ಅವನ ಎರಡು ವರ್ಷದ ಮಗನಿಗೆ ಆ ವೈರಾಣು ತಗುಲಿ ಮಗು ಸಾವಿನ ಬಾಗಿಲಿಗೆ ಹೋಗಿ ಬಂದಿತು. ‘ಮನೆಯಲ್ಲಿ ಯಾರಿಗಾದರೂ ಚರ್ಮದ ಕಾಯಿಲೆ ಇದೆಯೆ?’ ಎಂದು ಕೇಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಸಾಲಿನಲ್ಲಿ ನಿಂತ ನೂರಾರು ಮಂದಿಯನ್ನೂ ಬೇಸರವಿಲ್ಲದೆ ಕೇಳಿ, ಉತ್ತರವನ್ನು ಕಿವಿಗೊಟ್ಟು ಆಲಿಸಬೇಕೆಂದಾಗ ಅದರ ತೂಕ ತಿಳಿಯುತ್ತದೆ.

2003ರ ಆರಂಭದಲ್ಲಿ ಲಸಿಕೆ ಪಡೆದ ಕೆಲವು ಯುವ ಸೈನಿಕರು ಎದೆನೋವೆಂದು ಬಂದರು. ಅಮೆರಿಕದಲ್ಲಿ ಬಳಕೆಯಲ್ಲಿದ್ದ ಆ ಲಸಿಕೆಯಿಂದ ಹೃದಯಕ್ಕೆ ತೊಂದರೆಯಾಗುವುದು ತೀರ ಅಪರೂಪವೆಂದೇ ಅದುವರೆಗಿನ ತಿಳಿವಳಿಕೆ. ಕಸರತ್ತಿನ ನೋವು, ಯುದ್ಧಕ್ಕೆ ಹೋಗಲೊಲ್ಲದ ನೆಪ ಎಂದು ತಳ್ಳಿಹಾಕಿದ್ದರೆ ಕೇಳುವವರಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅಲ್ಲಲ್ಲಿಂದ ಬಂದ ವರದಿಗಳನ್ನು ಜೋಡಿಸಿ ನೋಡಿದಾಗ, ಮೊದಲ ಬಾರಿ ಲಸಿಕೆ ಪಡೆದ 2,30,734 ಮಂದಿಯಲ್ಲಿ 18 ಮಂದಿಗೆ ಹೃದಯದ ಸ್ನಾಯು ಮತ್ತು ಹೊರಪೊರೆಯ ಉರಿಯೂತ ಕಂಡುಬಂದಿತ್ತು. ಇದು ಸಹಜವಾಗಿ ನಿರೀಕ್ಷಿಸಬಹುದಾದ ಸಂಖ್ಯೆಯ ಮೂರೂವರೆ ಪಟ್ಟು. ಆ ವರ್ಷವೇ ಅದನ್ನು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ತನ್ನ ಆಜ್ಞೆಯಿಂದಲೇ ಆದ ತೊಂದರೆಯನ್ನು ಸೇನೆಯೊಂದು ಎಣಿಸಿ ಹೀಗೆ ಬಹಿರಂಗಪಡಿಸುವುದು ದಿನನಿತ್ಯದ ಸಂಗತಿಯೇನಲ್ಲ.

ಇಲ್ಲಿ ಆಜ್ಞೆ ಎಂಬ ಮಾತೇ ಮುಖ್ಯ. ನೀವು, ನಾನು ಲಸಿಕೆ ಬೇಡವೆನ್ನಬಹುದು. ಸೈನಿಕನಿಗೆ ಆ ಸ್ವಾತಂತ್ರ್ಯವಿಲ್ಲ. 1990ರ ದಶಕದ ಕೊನೆಯಲ್ಲಿ ಆಂಥ್ರಾಕ್ಸ್ ಲಸಿಕೆಯನ್ನು ನಿರಾಕರಿಸಿದ ಕೆಲವರು ಸೇನಾ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಅದಕ್ಕೂ ಹಿಂದೆ, 1942ರಲ್ಲಿ, ಮಾನವ ರಕ್ತದ್ರವ ಬೆರೆಸಿದ್ದ ಹಳದಿ ಜ್ವರದ ಲಸಿಕೆಯಿಂದ ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದ್ದರು. ಬೇಡವೆನ್ನುವ ಹಕ್ಕನ್ನು ಕಿತ್ತುಕೊಂಡ ಮೇಲೆ, ದೂರನ್ನು ಕೇಳುವ ಕಿವಿಯನ್ನಾದರೂ ಕೊಡಬೇಡವೆ? ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಅಲರ್ಜಿ ತಜ್ಞೆ ಕರ್ನಲ್ ರೆನಾಟಾ ಎಂಗ್ಲರ್ ಅವರ ಮುಂದಾಳತ್ವದಲ್ಲಿ 2001ರಲ್ಲಿ ಆರಂಭವಾದ ಲಸಿಕಾ ಆರೋಗ್ಯ ಕೇಂದ್ರಗಳು ಆ ಕಿವಿಯಾದವು.

ಇದರ ನಡುವೆ ಈ ಕ್ಲಿನಿಕ್‌ಗಳ ನಿತ್ಯದ ಕಾಯಕ ಬೇರೆಯೇ ಇದೆ. ಪರಾಗ, ಧೂಳು, ಕಣಜದ ವಿಷ ಒಗ್ಗದವರಿಗೆ ಅದೇ ಪದಾರ್ಥವನ್ನು ಹನಿಹನಿಯಾಗಿ ಹೆಚ್ಚಿಸುತ್ತಾ ಚುಚ್ಚುವುದು, ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವುದು, ಅಡ್ರಿನಲಿನ್ ಕೈಯಳತೆಯಲ್ಲಿಟ್ಟುಕೊಂಡು ಕಾಯುವುದು. ‘ಪೆನ್ಸಿಲಿನ್ ಆಗುವುದಿಲ್ಲ’ ಎಂಬ ಹಣೆಪಟ್ಟಿಯನ್ನು ಪರೀಕ್ಷಿಸುವುದೂ ಅವರ ಪಾಲಿನದೇ; ಅಂಥ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವಾಸ್ತವವಾಗಿ ಅದು ಆಗುತ್ತದೆ. ನಮ್ಮಲ್ಲಿಯೂ ಎಷ್ಟೋ ಮಂದಿ ಆ ಪಟ್ಟಿಯನ್ನು ಬಾಲ್ಯದಿಂದ ಹೊತ್ತು ತಿರುಗುತ್ತಿದ್ದಾರೆನ್ನಿ. ಪದಕಗಳು ನಡೆದ ಸಂಗತಿಗೆ ಸಲ್ಲುತ್ತವೆ. ಇವರ ಗೆಲುವೆಂದರೆ ಏನೂ ನಡೆಯದಿರುವುದು. ಅದನ್ನು ಯಾವ ಎದೆಗೆ ಚುಚ್ಚುತ್ತೀರಿ?

ಅವರ ಅಭ್ಯಾಸ ಮತ್ತೆ ಜಗತ್ತಿಗೆ ನೆರವಾದದ್ದು ಕೋವಿಡ್ ಕಾಲದಲ್ಲಿ. 2021ರ ಜೂನಿನಲ್ಲಿ ಸೇನಾ ವೈದ್ಯರ ತಂಡವೊಂದು, ಎಂಆರ್‌ಎನ್‌ಎ ಲಸಿಕೆಯ 28 ಲಕ್ಷಕ್ಕೂ ಹೆಚ್ಚು ಡೋಸ್‌ಗಳ ನಂತರ 23 ಪುರುಷರಲ್ಲಿ ಹೃದಯ ಸ್ನಾಯುವಿನ ಉರಿಯೂತ ಕಂಡದ್ದನ್ನು ವರದಿ ಮಾಡಿತು. 20 ಮಂದಿಗೆ ಅದು ಬಂದದ್ದು ಎರಡನೆಯ ಡೋಸಿನ ನಂತರ. ಲೇಖಕರ ಪಟ್ಟಿಯಲ್ಲಿ ಎಂಗ್ಲರ್ ಅವರ ಹೆಸರೂ ಇದೆ. ಹದಿನಾರು ಮಂದಿ ವಾರದೊಳಗೆ ಚೇತರಿಸಿಕೊಂಡಿದ್ದರು. ಉಳಿದ ಏಳು ಮಂದಿಗೆ ಲೇಖನ ಸಿದ್ಧವಾಗುವ ಹೊತ್ತಿಗೂ ಎದೆಯ ನೋವು ಪೂರ್ತಿ ಹೋಗಿರಲಿಲ್ಲ. ಅದನ್ನೂ ಬರೆದಿದ್ದಾರೆ.